ನಾಲ್ವಡಿಯವರ ಹೃದಯ, ನಮ್ಮ ಮನೆ ಬಾಗಿಲಿನ ಬಿಪಿ

1940ರ ಆಗಸ್ಟ್ 3, ಶನಿವಾರ. ಬೆಂಗಳೂರು ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. ಹೃದಯಾಘಾತ. ವಯಸ್ಸು 56.

ನಾಲ್ವಡಿಯವರ ಬಗ್ಗೆ ನಾವು ಬರೆಯೋದು, ಭಾಷಣ ಮಾಡೋದು ಬಹುತೇಕ ಕನ್ನಂಬಾಡಿ ಕಟ್ಟೆ, ಮೈಸೂರು ವಿಶ್ವವಿದ್ಯಾಲಯ, ಮೀಸಲಾತಿ ಈ ಮೂರರ ಸುತ್ತಲೇ. ಮೂರೂ ಮುಖ್ಯವೇ. ಆದರೆ ಅವರ ಬದುಕನ್ನು ಆರೋಗ್ಯದ ಕಡೆಯಿಂದ ಓದಿದರೆ ಬೇರೆಯೇ ಒಂದು ಕಥೆ ಸಿಗುತ್ತದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕೂತು ಇದನ್ನು ಬರೆಯುತ್ತಿರುವ ನನಗೆ ಆ ಕಥೆ ಇವತ್ತಿನ ರಾಜಕೀಯದ ಪ್ರಶ್ನೆಯಾಗಿಯೇ ಕಾಣುತ್ತದೆ. 30 ದಾಟಿದ ಒಬ್ಬ ಕೂಲಿಕಾರನ ರಕ್ತದೊತ್ತಡ ಎಷ್ಟಿದೆ ಅಂತ ತಿಳಿದುಕೊಳ್ಳುವುದು ಯಾರ ಜವಾಬ್ದಾರಿ? ಅವನದ್ದಾ, ಸರ್ಕಾರದ್ದಾ?

ಅರಮನೆಯೊಳಗಿನ ಸಾವುಗಳು

ನಾಲ್ವಡಿಯವರು ಹುಟ್ಟಿದ್ದು 1884ರ ಜೂನ್ 4ರಂದು. ಹತ್ತು ವರ್ಷದ ಹುಡುಗನಾಗಿದ್ದಾಗ ತಂದೆ ಚಾಮರಾಜೇಂದ್ರ ಒಡೆಯರ್ ಕಲ್ಕತ್ತೆಗೆ ಹೋದವರು ವಾಪಸ್ ಬರಲಿಲ್ಲ. 1894ರ ಡಿಸೆಂಬರ್‌ನಲ್ಲಿ ಡಿಫ್ತೀರಿಯಾ, ಅಂದರೆ ಗಂಟಲಮಾರಿ, ಅವರನ್ನು ಬಲಿ ತೆಗೆದುಕೊಂಡಿತು. ಅವರಿಗೆ ಬರೀ 31 ವರ್ಷ. ಅದೇ ವರ್ಷ ಯುರೋಪಿನ ಆಸ್ಪತ್ರೆಗಳಲ್ಲಿ ಡಿಫ್ತೀರಿಯಾಗೆ ಸೀರಂ ಚಿಕಿತ್ಸೆ ಕೊಟ್ಟು ಮಕ್ಕಳನ್ನು ಉಳಿಸಲು ಶುರುವಾಗಿತ್ತು. ಔಷಧಿ ಹುಟ್ಟಿತ್ತು, ಮೈಸೂರಿನ ರಾಜನವರೆಗೆ ಬಂದಿರಲಿಲ್ಲ.

ತಾಯಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿ 1902ರವರೆಗೆ ರಾಜ್ಯ ನಡೆಸಿದರು. ಆ ಅವಧಿಯಲ್ಲೇ, 1898ರಲ್ಲಿ, ಬೆಂಗಳೂರಿಗೆ ಪ್ಲೇಗ್ ಬಂತು. ಕೇರಳದಲ್ಲಿ ಈಳವ ಜಾತಿಯವನೆಂಬ ಕಾರಣಕ್ಕೆ ಸರ್ಕಾರಿ ಕೆಲಸ ಸಿಗದ ಡಾ. ಪಲ್ಪು ಎಂಬ ವೈದ್ಯರು ಆಗ ಮೈಸೂರು ಸರ್ಕಾರದ ಸೇವೆಯಲ್ಲಿದ್ದು ಪ್ಲೇಗ್ ಕ್ಯಾಂಪುಗಳಲ್ಲಿ ದುಡಿದರು. ಇಕ್ಕಟ್ಟಿನ ಪೇಟೆ ಬಿಟ್ಟು ಗಾಳಿ ಬೆಳಕಿರುವ ಬಡಾವಣೆಗಳಾಗಿ ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಈ ಕಾಲದಲ್ಲೇ. ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆದದ್ದು 1900ರಲ್ಲಿ.

1902ರ ಆಗಸ್ಟ್‌ನಲ್ಲಿ 18 ವರ್ಷದ ನಾಲ್ವಡಿಯವರು ಅಧಿಕಾರ ವಹಿಸಿಕೊಂಡರು. ಆಮೇಲೆ ಮನೆಯೊಳಗೆ ಇನ್ನೊಂದು ದುಃಖ: ಸಹೋದರಿ ಕೃಷ್ಣಾಜಮ್ಮಣ್ಣಿ ಕ್ಷಯಕ್ಕೆ ಬಲಿಯಾದರು. ಮೈಸೂರಿನಲ್ಲಿ ಇವತ್ತಿಗೂ ಪಿಕೆಟಿಬಿ ಅಂತ ಜನ ಕರೆಯುವ ಕ್ಷಯರೋಗ ಆಸ್ಪತ್ರೆ ಆ ರಾಜಕುಮಾರಿಯ ಹೆಸರಿನದು. ಈ ಅರಮನೆಯ ಒಂದು ಗುಣವನ್ನು ಇಲ್ಲಿ ಗಮನಿಸಬೇಕು. ಮನೆಯೊಳಗಿನ ಸಾವು ಬರೀ ಸ್ಮಾರಕವಾಗದೆ ಸಾರ್ವಜನಿಕ ಸಂಸ್ಥೆಯಾಯಿತು.

ಕಾಯಿಲೆಗೆ ಮುಂಚೆ ಬಾಗಿಲಿಗೆ ಬಂದ ಸರ್ಕಾರ

ಮುಂದಿನ ನಾಲ್ಕು ದಶಕಗಳ ಪಟ್ಟಿ ನಿಮಗೆ ಗೊತ್ತಿರುವಂಥದ್ದೇ. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು. 1916ರಲ್ಲಿ ವಿಶ್ವವಿದ್ಯಾಲಯ. 1918ರಲ್ಲಿ ಮಿಲ್ಲರ್ ಸಮಿತಿ. ದಿವಾನ್ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ, ಅವರು ಹುದ್ದೆ ಬಿಟ್ಟರು. ರಾಜರು ಹಿಂದೆ ಸರಿಯಲಿಲ್ಲ. 1921ರಲ್ಲಿ ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಆದೇಶ ಬಂತು. ನಮ್ಮ ಭದ್ರಾವತಿಗೆ 1923ರಲ್ಲಿ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಕಾಗದದ ಕಾರ್ಖಾನೆ ಬಂದದ್ದೂ ಇವರ ಕಾಲದಲ್ಲೇ.

ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಆರೋಗ್ಯ. 1924ರಲ್ಲಿ ವೈದ್ಯಕೀಯ ಕಾಲೇಜು ಶುರುವಾಯಿತು. 1930ರ ಜೂನ್‌ನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲೇ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಮೈಸೂರು ಸರ್ಕಾರ ಆದೇಶ ಹೊರಡಿಸಿತು. ಆ ವಿಷಯದ ಬಗ್ಗೆ ಬಾಯಿ ಬಿಡಲೂ ಹೆದರುತ್ತಿದ್ದ ಕಾಲ ಅದು. ಕನ್ನಂಬಾಡಿ ನೀರು ಮಂಡ್ಯದ ಕಡೆ ಹರಿದಾಗ ಅದರ ಜೊತೆ ಮಲೇರಿಯಾವೂ ಬಂತು. ನಾಲೆ ತೋಡಿದ ಸರ್ಕಾರವೇ ಸೊಳ್ಳೆಗೂ ಉತ್ತರ ಕೊಡಬೇಕಿತ್ತು. ಅಮೆರಿಕದ ರಾಕೆಫೆಲ್ಲರ್ ಪ್ರತಿಷ್ಠಾನದ ತಜ್ಞರನ್ನು ಕರೆಸಿಕೊಂಡು ಪ್ರತ್ಯೇಕ ಆರೋಗ್ಯ ಇಲಾಖೆ ಕಟ್ಟಿದರು. ಮಲೇರಿಯಾ ಸಮೀಕ್ಷೆ ನಡೆಯಿತು. ಮಂಡ್ಯದಲ್ಲಿ, ಆಮೇಲೆ ಕ್ಲೋಸ್‌ಪೇಟೆಯಲ್ಲಿ (ಇಂದಿನ ರಾಮನಗರ) ಆರೋಗ್ಯ ಘಟಕಗಳು ಬಂದವು.

ಆರೋಗ್ಯ ಘಟಕ ಅಂದರೆ ಆಸ್ಪತ್ರೆ ಕಟ್ಟಡ ಅಂದುಕೊಳ್ಳಬೇಡಿ. ಒಂದು ಪ್ರದೇಶವನ್ನು ಗುರುತಿಸಿ, ಅಲ್ಲಿಗೆ ವೈದ್ಯಾಧಿಕಾರಿ, ಆರೋಗ್ಯ ನಿರೀಕ್ಷಕರು, ಸೂಲಗಿತ್ತಿಯರು, ಮನೆಮನೆ ಭೇಟಿಯ ದಾದಿಯರನ್ನು ನೇಮಿಸುವುದು. ಹುಟ್ಟು ಸಾವು ಬರೆದಿಡುವುದು, ಲಸಿಕೆ ಹಾಕುವುದು, ಬಸುರಿಯನ್ನು ನೋಡುವುದು, ಶಾಲೆ ಮಕ್ಕಳನ್ನು ಪರೀಕ್ಷಿಸುವುದು, ಪಾಯಿಖಾನೆ ಕಟ್ಟಿಸುವುದು, ಅದರ ಬಗ್ಗೆ ಊರವರಿಗೆ ತಿಳಿಹೇಳುವುದು. ಮುಖ್ಯವಾಗಿ, ಹೋದ ಮನೆಗೆ ಮತ್ತೆ ಹೋಗುವುದು. ನಾನು ಓದಿದ್ದು ಇಂಜಿನಿಯರಿಂಗ್. ನಮ್ಮಲ್ಲಿ ಮಷಿನ್ ಕೆಟ್ಟ ಮೇಲೆ ರಿಪೇರಿ ಮಾಡೋದಕ್ಕೂ, ಕೆಡೋಕೆ ಮುಂಚೆ ಗೊತ್ತುಪಡಿಸಿದ ದಿನಕ್ಕೆ ನೋಡಿ ಎಣ್ಣೆ ಬಿಡೋದಕ್ಕೂ ಬೇರೆ ಬೇರೆ ಹೆಸರಿದೆ, ಬೇರೆ ಬೇರೆ ಬಜೆಟ್ಟೂ ಇದೆ. ಮಂಡ್ಯ, ಕ್ಲೋಸ್‌ಪೇಟೆಯಲ್ಲಿ ಮಾಡಿದ್ದು ಎರಡನೆಯದನ್ನು.

ಇದೆಲ್ಲ ಹೇಳಿ ಅವರನ್ನು ದೇವರು ಮಾಡುವ ಉದ್ದೇಶ ನನ್ನದಲ್ಲ. 1938ರಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಹಿಡಿದು ಸೇರಿದ್ದ ಜನರ ಮೇಲೆ ಗುಂಡು ಹಾರಿದ್ದು ಅವರ ಆಳ್ವಿಕೆಯಲ್ಲೇ. ಜವಾಬ್ದಾರಿ ಸರ್ಕಾರ ಕೇಳಿದವರನ್ನು ಜೈಲಿಗೆ ಕಳಿಸಿದ್ದೂ ಅದೇ ಸರ್ಕಾರ. ಪ್ರಜೆಯ ಮನೆಗೆ ಲಸಿಕೆ ತಲುಪಿಸಲು ಒಪ್ಪಿದ ರಾಜ್ಯ, ಪ್ರಜೆಗೆ ಅಧಿಕಾರ ಕೊಡಲು ಒಪ್ಪಲಿಲ್ಲ. ಎರಡೂ ನೆನಪಿರಲಿ.

ಶಿಸ್ತಿನ ಮನುಷ್ಯನ ಹೃದಯ

ನಾಲ್ವಡಿಯವರ ಖಾಸಗಿ ಬದುಕು ಶಿಸ್ತಿನದು. ಕುದುರೆ ಸವಾರಿ, ಪೋಲೋ ಆಟ. ಪೂಜೆ, ಸಂಗೀತ. ವೀಣೆ, ಪಿಟೀಲು, ಕೊಳಲಿನಿಂದ ಹಿಡಿದು ಸ್ಯಾಕ್ಸೊಫೋನ್, ಪಿಯಾನೊವರೆಗೆ ಎಂಟು ವಾದ್ಯ ನುಡಿಸಬಲ್ಲವರಾಗಿದ್ದರು. 1931ರಲ್ಲಿ, 47ನೇ ವಯಸ್ಸಿನಲ್ಲಿ, ಕೈಲಾಸ ಮಾನಸ ಸರೋವರ ಯಾತ್ರೆ ಮಾಡಿ ಬಂದರು. ಹಿಮಾಲಯದ ಆ ಎತ್ತರದ ದಾರಿ ತಿಳಿದವರಿಗೆ ಅದು ಸಣ್ಣ ಮಾತಲ್ಲ ಅಂತ ಗೊತ್ತು. 1940ರ ಮಾರ್ಚ್‌ನಲ್ಲಿ ತಮ್ಮ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಮುಂಬೈಯಲ್ಲಿ ತೀರಿಕೊಂಡರು. ಐದು ತಿಂಗಳೊಳಗೆ ಅಣ್ಣನೂ ಹೋದರು.

80 ವರ್ಷ ಹಿಂದಿನ ಹೃದಯಕ್ಕೆ ಈಗ ಡಯಾಗ್ನೋಸಿಸ್ ಮಾಡೋದು ನನ್ನ ಕೆಲಸ ಅಲ್ಲ. ಹೇಳಬೇಕಿರೋದು ಇಷ್ಟು: ದಿನಾ ಸವಾರಿ ಮಾಡುವವನು, ಮಿತವಾಗಿ ಬದುಕುವವನು, ಮನೆಯಲ್ಲೇ ವೈದ್ಯರನ್ನು ಇಟ್ಟುಕೊಂಡವನು ಕೂಡ 56ಕ್ಕೆ ಹೃದಯಾಘಾತದಿಂದ ಸಾಯಬಹುದು. 2021ರ ಅಕ್ಟೋಬರ್ 29ರಂದು 46 ವರ್ಷದ ಪುನೀತ್ ರಾಜ್‌ಕುಮಾರ್ ಹೋದಾಗ ನಾವು ಏನು ಮಾಡಿದೆವು ನೆನಪಿದೆಯಾ? ಜಿಮ್‌ಗೆ ಹೋಗೋದೇ ತಪ್ಪು ಅಂತ ವಾಟ್ಸ್‌ಆ್ಯಪ್‌ನಲ್ಲಿ ತೀರ್ಪು ಕೊಟ್ಟೆವು. 2025ರ ಬೇಸಿಗೆ ಮುಗಿಯುವ ಹೊತ್ತಿಗೆ ಹಾಸನದ ಸಾವುಗಳ ಸುದ್ದಿ ಬಂತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದ ಕ್ಯೂ. ಭಯ ಬಂದಾಗ ಆಸ್ಪತ್ರೆಗೆ ಓಡುತ್ತೇವೆ, ಭಯ ಇಳಿದ ಮೇಲೆ ಮರೆಯುತ್ತೇವೆ. ಇದು ಜನರ ದಡ್ಡತನ ಅಂತ ನನಗನ್ನಿಸಲ್ಲ. ಭಯವಿಲ್ಲದ ದಿನಗಳಲ್ಲಿ ನಮ್ಮ ಹೃದಯದ ಬಗ್ಗೆ ನಮ್ಮನ್ನು ಕೇಳುವವರು ಯಾರೂ ಇರುವುದಿಲ್ಲ, ಅಷ್ಟೇ.

ಒಬ್ಬ ಅಧ್ಯಕ್ಷ, ಒಂದು ಊರು

ನಾಲ್ವಡಿಯವರ ಕಾಲದ ವೈದ್ಯರಿಗೆ ಬಿಪಿ ಅಳೆಯಲು ಬರುತ್ತಿತ್ತು. ಅದರ ಅರ್ಥ ಪೂರ್ತಿ ಗೊತ್ತಿರಲಿಲ್ಲ. ವಯಸ್ಸಾದಂತೆ ಒತ್ತಡ ಏರುವುದು ಸಹಜ, ಇಳಿಸಬಾರದು ಅಂತಲೂ ಹಲವರು ನಂಬಿದ್ದರು. ಅವರು ತೀರಿಕೊಂಡ ಐದು ವರ್ಷಕ್ಕೆ, 1945ರ ಏಪ್ರಿಲ್ 12ರಂದು, ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮಿದುಳಿನ ರಕ್ತಸ್ರಾವದಿಂದ ಸತ್ತರು. ವರ್ಷಗಳಿಂದ ಅವರ ಬಿಪಿ ಏರುತ್ತಲೇ ಇತ್ತು. ಕೊನೆಯ ದಿನ ಅದು 300ರ ಮೇಲೆ 190 ಮುಟ್ಟಿತ್ತು. ಜಗತ್ತಿನ ಅತಿ ಬಲಶಾಲಿ ಮನುಷ್ಯನ ಪಕ್ಕದಲ್ಲಿ ನಿಂತಿದ್ದ ವೈದ್ಯರ ಕೈಯಲ್ಲಿ ಅದನ್ನು ಇಳಿಸುವ ಒಳ್ಳೆಯ ಮಾತ್ರೆ ಇರಲಿಲ್ಲ.

1948ರಲ್ಲಿ ಅಮೆರಿಕ ಹೃದಯ ಕಾಯಿಲೆಯ ಸಂಶೋಧನೆಗೇ ಒಂದು ಕಾನೂನು ಮಾಡಿತು. ಅದೇ ವರ್ಷ ಫ್ರೇಮಿಂಗ್‌ಹ್ಯಾಮ್ ಎಂಬ ಸಾಮಾನ್ಯ ಊರಿನಲ್ಲಿ ಅಧ್ಯಯನ ಶುರುವಾಯಿತು. 30ರಿಂದ 62 ವರ್ಷದ 5,209 ಗಂಡಸರು ಹೆಂಗಸರನ್ನು ಆರಿಸಿ, ಎರಡು ವರ್ಷಕ್ಕೊಮ್ಮೆ ಕರೆದು ಪರೀಕ್ಷಿಸಿ, ಯಾರಿಗೆ ಯಾವಾಗ ಏನಾಯಿತು ಅಂತ ಬರೆದಿಟ್ಟರು. ಬಿಪಿ, ಕೊಲೆಸ್ಟ್ರಾಲ್, ಸಿಗರೇಟು, ಸಕ್ಕರೆ ಕಾಯಿಲೆ ಹೃದಯವನ್ನು ಹೇಗೆ ಕೊಲ್ಲುತ್ತವೆ ಅನ್ನೋದು ನಮಗೆ ಗೊತ್ತಾದದ್ದು ಹೆಚ್ಚಾಗಿ ಆ ಊರಿನವರಿಂದ.

ನಮ್ಮಲ್ಲೂ ಅಂಥದ್ದೊಂದು ದಫ್ತರ ಇತ್ತು. ಅದೂ ನಾಲ್ವಡಿಯವರ ರಾಜಧಾನಿಯಲ್ಲೇ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ಬರೆದಿಟ್ಟಿದ್ದರು. ಆ ಮಕ್ಕಳು ನಡುವಯಸ್ಸು ದಾಟಿದ ಮೇಲೆ ಸಂಶೋಧಕರು ಊರೊಳಗೆ ಹುಡುಕಿ 517 ಜನರನ್ನು ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹುಟ್ಟುವಾಗ 5.5 ಪೌಂಡ್ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ 11% ಜನರಿಗೆ ಹೃದಯದ ರಕ್ತನಾಳದ ಕಾಯಿಲೆ, 7 ಪೌಂಡ್ ಮೇಲಿದ್ದವರಲ್ಲಿ 3%. ಬಸುರಿಯಲ್ಲಿ ತಾಯಿಗೆ ಸಿಗದ ಊಟದ ಲೆಕ್ಕ ಮಗನ ಎದೆಯಲ್ಲಿ ಐವತ್ತು ವರ್ಷದ ನಂತರ ಚುಕ್ತಾ ಆಗುತ್ತದೆ. ಹೃದಯ ಕಾಯಿಲೆ ಹೊಟ್ಟೆ ತುಂಬಿದವರ ಕಾಯಿಲೆ ಅಂತ ಇನ್ನೂ ನಂಬಿರುವವರು ಇದನ್ನು ಎರಡು ಸಲ ಓದಬೇಕು.

ಇನ್ನೊಂದು ಲೆಕ್ಕವೂ ಇದೆ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ಸರಾಸರಿ ವಯಸ್ಸು 53. ಉಳಿದವರಿಗೆ ಸುಮಾರು 59. ದುಡಿಯುವ ಆರು ವರ್ಷ ನಮ್ಮ ಮನೆಗಳಿಂದ ಹೆಚ್ಚುವರಿಯಾಗಿ ಹೋಗುತ್ತಿದೆ.

ಶಿವಮೊಗ್ಗ ಮೊದಲ ಸಾಲಿನಲ್ಲಿತ್ತು

ಸಕ್ಕರೆ ಕಾಯಿಲೆ, ಹೃದಯ ಕಾಯಿಲೆ, ಲಕ್ವ ತಡೆಯುವ ರಾಷ್ಟ್ರೀಯ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 2008ರಲ್ಲಿ ಪ್ರಾಯೋಗಿಕವಾಗಿ ಶುರು ಮಾಡಿದಾಗ ದೇಶದಲ್ಲಿ ಆರಿಸಿಕೊಂಡ ಬೆರಳೆಣಿಕೆಯ ಜಿಲ್ಲೆಗಳಲ್ಲಿ ನಮ್ಮ ಶಿವಮೊಗ್ಗವೂ ಒಂದು. 2010ರಲ್ಲಿ ಅದು 100 ಜಿಲ್ಲೆಗಳಿಗೆ ಹಬ್ಬಿತು. ಈಗ 30 ದಾಟಿದ ಎಲ್ಲರ ಬಿಪಿ, ಶುಗರ್ ನೋಡಬೇಕು ಅನ್ನೋದು ದೇಶದ ನೀತಿ. ಆಶಾ ಕಾರ್ಯಕರ್ತೆ ಮನೆಗೆ ಬಂದು ವಯಸ್ಸು, ಹೊಗೆಸೊಪ್ಪು, ಕುಡಿತ, ಸೊಂಟದ ಸುತ್ತಳತೆ, ಮೈದುಡಿಮೆ, ಮನೆಯವರ ಕಾಯಿಲೆ ಕೇಳಿ ಒಂದು ಫಾರ್ಮ್ ತುಂಬುತ್ತಾರೆ. ಅಂಕ 4 ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ ಇದನ್ನೇ ಮನೆ ಬಾಗಿಲಿಗೆ ಒಯ್ಯುವ ಮಾತಾಡುತ್ತದೆ. ಪುನೀತ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ನೋಡಿ ತಜ್ಞರು ಹೇಳಿದರೆ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ ಸಿಗುತ್ತದೆ. ಅದು ಜೀವ ಉಳಿಸುವ ಕೆಲಸ. ಆದರೆ ಅದು ಶುರುವಾಗೋದೇ ಎದೆನೋವು ಬಂದ ಮೇಲೆ.

ಕಾಗದದ ಮೇಲೆ ಹೀಗೆ ಎಲ್ಲವೂ ಇದೆ. ಊರಲ್ಲಿ ಕಾಣೋದು ಬೇರೆ: ನಾಯಕರ ಹುಟ್ಟುಹಬ್ಬದ ದಿನ ಶಾಮಿಯಾನ, ಫ್ಲೆಕ್ಸು, ಉಚಿತ ಹೃದಯ ತಪಾಸಣಾ ಶಿಬಿರ. ಒಂದು ಚೀಟಿ ಮೇಲೆ ಬಿಪಿ ಬರೆದುಕೊಡುತ್ತಾರೆ. ಸಂಜೆಗೆ ಶಾಮಿಯಾನ ಬಿಚ್ಚುತ್ತಾರೆ. 160 ಇದ್ದವನು ಮಾತ್ರೆ ಶುರು ಮಾಡಿದನಾ, ಒಂದು ತಿಂಗಳ ನಂತರ ಅದು ಎಷ್ಟಾಯಿತು, ಯಾರೂ ಕೇಳಲ್ಲ.

ಇಂಥ ತಪಾಸಣೆಯಿಂದ ಏನಾಗುತ್ತದೆ ಅನ್ನೋದಕ್ಕೆ ಪುರಾವೆ ಇದೆ. ಡೆನ್ಮಾರ್ಕ್‌ನಲ್ಲಿ ಸುಮಾರು 60 ಸಾವಿರ ಜನರ ಮೇಲೆ ನಡೆದ ಪ್ರಯೋಗದಲ್ಲಿ ಒಂದು ಗುಂಪನ್ನು ತಪಾಸಣೆಗೆ ಕರೆದು ಜೀವನಶೈಲಿಯ ಸಲಹೆ ಕೊಟ್ಟರು. ಹತ್ತು ವರ್ಷದ ನಂತರ ನೋಡಿದರೆ ಹೃದಯ ಕಾಯಿಲೆಯಾಗಲಿ ಸಾವಾಗಲಿ ಕಡಿಮೆಯಾಗಿರಲಿಲ್ಲ. ಒಳ್ಳೆಯ ಆರೋಗ್ಯ ವ್ಯವಸ್ಥೆ ಇರುವ ದೇಶದಲ್ಲೇ ಹೀಗೆ. ಇದರ ಎದುರಿಗೆ ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾದ 30 ಗ್ರಾಮೀಣ ಸಮುದಾಯಗಳ ಪ್ರಯೋಗವನ್ನಿಡಿ. ಅಲ್ಲಿ ನಮ್ಮ ಆಶಾಗಳಂಥ ಕಾರ್ಯಕರ್ತೆಯರು ಬಿಪಿ ಇರುವವರ ಮನೆಗೆ ಮತ್ತೆ ಮತ್ತೆ ಹೋದರು. ಅಳೆದರು, ಮನೆಯವರನ್ನೂ ಕೂರಿಸಿ ಮಾತಾಡಿದರು, ಹೆಚ್ಚಿದ್ದರೆ ವೈದ್ಯರ ಹತ್ತಿರ ಕಳಿಸಿದರು. ವೈದ್ಯರಿಗೂ ತರಬೇತಿ ಕೊಟ್ಟರು. ಎರಡು ವರ್ಷದಲ್ಲಿ ಉಳಿದ ಹಳ್ಳಿಗಳಿಗಿಂತ ಇವರ ಮೇಲಿನ ಬಿಪಿ ಸರಾಸರಿ 5 ಅಂಕ ಹೆಚ್ಚಾಗಿ ಇಳಿದಿತ್ತು. ಕೇಳೋಕೆ ಸಣ್ಣದು. ಸಾವಿರಾರು ಜನರ ಮೇಲೆ ಹಂಚಿದರೆ ಲಕ್ವ, ಹೃದಯಾಘಾತಗಳ ಲೆಕ್ಕವೇ ಬದಲಾಗುತ್ತದೆ.

ಕ್ಲೋಸ್‌ಪೇಟೆಯ ದಾದಿ ಮಾಡುತ್ತಿದ್ದದ್ದೂ ಇದನ್ನೇ. ಹೋದ ಮನೆಗೆ ಮತ್ತೆ ಹೋಗುವುದು.

186 ಅಡಿ, 140/90

ಶಂಕರಘಟ್ಟದ ಪಕ್ಕದಲ್ಲೇ ಬಿಆರ್‌ಪಿ, ಭದ್ರಾ ಡ್ಯಾಮ್. ಮಳೆಗಾಲದಲ್ಲಿ ಇಲ್ಲಿಂದ ದಾವಣಗೆರೆವರೆಗೆ ರೈತರ ಬಾಯಲ್ಲಿ ಒಂದೇ ಪ್ರಶ್ನೆ: ಇವತ್ತು ಎಷ್ಟು ಅಡಿ? 186 ಅಡಿ ತುಂಬಿತಾ? ಒಳಹರಿವು ಎಷ್ಟು, ಹೊರಹರಿವು ಎಷ್ಟು ಅಂತ ದಿನಾ ಪೇಪರಿನಲ್ಲಿ ಬರುತ್ತದೆ. ಅಂಕಿ ಸಾರ್ವಜನಿಕವಾಗಿದೆ, ಅದಕ್ಕೇ ಅದು ರಾಜಕೀಯವೂ ಆಗಿದೆ. ನೀರು ಬಿಡದಿದ್ದರೆ ರಸ್ತೆ ತಡೆ ಆಗುತ್ತದೆ.

ಅದೇ ಜನರನ್ನು ನಿಮ್ಮ ಬಿಪಿ ಎಷ್ಟು ಅಂತ ಕೇಳಿ ನೋಡಿ. ತಲೆ ಸುತ್ತಲ್ಲ, ನಂಗೇನೂ ಇಲ್ಲ ಅನ್ನುವ ಉತ್ತರ ಬರುತ್ತದೆ. ಬಿಪಿ ಹೆಚ್ಚಿದ್ದರೆ ಸಾಮಾನ್ಯವಾಗಿ ಏನೂ ಅನ್ನಿಸುವುದಿಲ್ಲ, ತೊಂದರೆ ಇರೋದೇ ಅಲ್ಲಿ. ಐದು ನಿಮಿಷ ಸುಮ್ಮನೆ ಕೂತ ಮೇಲೆ ಅಳೆಯಬೇಕು. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು. ಮಾತ್ರೆ ಶುರುವಾದ ಮೇಲೆ ಸರಿಯಾಯ್ತು ಅಂತ ನಾವೇ ನಿಲ್ಲಿಸುವಂತಿಲ್ಲ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚದಷ್ಟು. ಉಪ್ಪಿನಕಾಯಿ, ಹಪ್ಪಳ, ಒಣಮೀನು ಇಲ್ಲದೆ ಊಟ ಸೇರದ ಮಲೆನಾಡಿನಲ್ಲಿ ಈ ಮಾತನ್ನು ಇಂಗ್ಲಿಷ್ ಪೋಸ್ಟರಿನಿಂದ ಹೇಳಲಾಗದು, ಅಡುಗೆಮನೆಯಲ್ಲಿ ಕೂತು ಹೇಳಬೇಕು. ಎಲೆ ಅಡಿಕೆ ಜೊತೆ ಬಾಯಿಗೆ ಹೋಗುವ ಹೊಗೆಸೊಪ್ಪಿನ ಬಗ್ಗೆಯೂ ಹಾಗೇ. ಅಡಿಕೆಯಿಂದಲೇ ಬದುಕುವ ಜಿಲ್ಲೆಯಲ್ಲಿ ಗುಟ್ಕಾ ಬಗ್ಗೆ ಯಾವ ಪಕ್ಷವೂ ಬಾಯಿ ಬಿಡಲ್ಲ. ಆ ಮೌನಕ್ಕೆ ಬೆಲೆ ತೆರುತ್ತಿರುವವರು ತೋಟದ ಮಾಲೀಕರಿಗಿಂತ ಹೆಚ್ಚಾಗಿ ಕೂಲಿಯವರು.

ಭದ್ರಾವತಿಯನ್ನೂ ನೋಡಿ. ಕಾರ್ಖಾನೆಯ ಖಾಯಂ ನೌಕರನಿಗೆ ಕಾರ್ಖಾನೆಯ ಆಸ್ಪತ್ರೆ ಇತ್ತು. ಎಂಪಿಎಂ ಸ್ತಬ್ಧವಾಗಿ ವರ್ಷಗಳಾದವು. ವಿಐಎಸ್‌ಎಲ್ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಬಂತು, ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಕಾರ್ಖಾನೆ ಹೋದರೆ ಸಂಬಳದ ಜೊತೆ ಬಿಪಿ ನೋಡುವ ಕೈಯೂ ಹೋಗುತ್ತದೆ. ಆಮೇಲೆ ಉಳಿಯೋದು ಆಶಾ ಕಾರ್ಯಕರ್ತೆ ಒಬ್ಬರೇ. ಗೌರವಧನಕ್ಕಾಗಿ 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತು 10 ಸಾವಿರ ರೂಪಾಯಿಯ ಭರವಸೆ ಪಡೆದವರು ಅವರು. ಇಡೀ ಯೋಜನೆ ನಿಂತಿರೋದು ಅವರ ಕಾಲಿನ ಮೇಲೆ. ಆಶಾಗಳ ಹೋರಾಟಕ್ಕೂ ಹೃದಯಾಘಾತಕ್ಕೂ ಸಂಬಂಧ ಇಲ್ಲ ಅಂದುಕೊಂಡವರು ಇದನ್ನು ಯೋಚಿಸಬೇಕು.

ಚಾಮರಾಜೇಂದ್ರರು ಸತ್ತಾಗ ಔಷಧಿ ಅವರವರೆಗೆ ತಲುಪಿರಲಿಲ್ಲ. ನಾಲ್ವಡಿಯವರು ಸತ್ತಾಗ ತಿಳಿವಳಿಕೆಯೇ ಇನ್ನೂ ಹುಟ್ಟಿರಲಿಲ್ಲ. ನಮ್ಮ ಕಾಲದಲ್ಲಿ ತಿಳಿವಳಿಕೆ ಇದೆ, ಮಾತ್ರೆ ಇದೆ, ಅದೂ ಅಗ್ಗದಲ್ಲಿ. ಇಷ್ಟಿದ್ದೂ ಪಿಎಚ್‌ಸಿಯಿಂದ ನಾಲ್ಕು ಕಿಲೋಮೀಟರ್ ದೂರದ ಮನೆಗೆ ಅದು ತಲುಪದಿದ್ದರೆ ಅದನ್ನು ವಿಧಿ ಅನ್ನಲಾಗದು.

ಅದಕ್ಕೇ ಈ ಬರಹ ಓದಿದವರಲ್ಲಿ ಒಂದು ಕೋರಿಕೆ. ಮುಂದಿನ ಗ್ರಾಮಸಭೆಗೆ, ನಗರದವರಾದರೆ ವಾರ್ಡ್ ಸಭೆಗೆ, ಹೋಗಿ ನಾಲ್ಕು ಅಂಕಿ ಕೇಳಿ. ನಮ್ಮಲ್ಲಿ 30 ದಾಟಿದವರು ಎಷ್ಟು, ಅವರಲ್ಲಿ ಎಷ್ಟು ಜನರ ಬಿಪಿ ಈ ವರ್ಷ ನೋಡಿದ್ದೀರಿ? ಹೆಚ್ಚಿದೆ ಅಂತ ಗೊತ್ತಾದವರಲ್ಲಿ ಎಷ್ಟು ಜನರದ್ದು ಈಗ 140/90ರ ಕೆಳಗಿದೆ? ಕಳೆದ ಆರು ತಿಂಗಳಲ್ಲಿ ಉಪಕೇಂದ್ರದಲ್ಲಿ ಬಿಪಿ ಮಾತ್ರೆ ಎಷ್ಟು ದಿನ ಖಾಲಿಯಾಗಿತ್ತು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಆರು ತಿಂಗಳ ನಂತರ ಮತ್ತೆ ಹೋಗಿ, ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ.